ಮಿಕ್ಸರ್ ಕೊಳ್ಳುವ ಮುಂಚೆ ಅದರ ಹೊಟ್ಟೆ ನೋಡುತ್ತೇನೆ

ನಾನು ಊರೂರು ಸುತ್ತಿ ಸೌಂಡ್ ಸಿಸ್ಟಂ ಹಾಕುವವನು. ನನ್ನ ಮೊದಲ ಮಿಕ್ಸರ್, ಅಂದರೆ ಮೈಕುಗಳ ಸದ್ದನ್ನೆಲ್ಲ ಕೂಡಿಸಿ ಹದ ಮಾಡುವ ಯಂತ್ರ, ಸತ್ತಿದ್ದು ಗಣಪತಿ ಎದುರಿಗೇ. ಅರಸೀಕೆರೆ ಹತ್ತಿರದ ಒಂದು ಹಳ್ಳಿ, ಆರ್ಕೆಸ್ಟ್ರಾ, ಆಗಷ್ಟೇ ಮೂರನೇ ಹಾಡು. ನನ್ನ ಪಕ್ಕದ ಟೇಬಲ್ ಫ್ಯಾನ್ ಇದ್ದಕ್ಕಿದ್ದ ಹಾಗೆ ಹುಚ್ಚು ಹಿಡಿದಂತೆ ತಿರುಗಿತು. ತಲೆ ಮೇಲಿನ ಬಲ್ಬು ಬೆಳ್ಳಗೆ ಉರಿದು ಟಪ್ ಅಂದಿತು. ಆಮೇಲೆ ಸುಟ್ಟ ವಾಸನೆ.

ಜನರೇಟರ್‌ನ ನ್ಯೂಟ್ರಲ್ ತಂತಿ ಸಡಿಲವಾಗಿ ಕಳಚಿತ್ತು. ಮೂರು ಫೇಸ್ ಲೈನಿನಲ್ಲಿ ಒಂದು ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್, ಎರಡು ಫೇಸ್‌ಗಳ ನಡುವೆ 400ರ ಆಸುಪಾಸು. ನ್ಯೂಟ್ರಲ್ ಹೋದರೆ ಲೋಡ್ ಜಾಸ್ತಿ ಇರುವ ಕಡೆ ವೋಲ್ಟೇಜ್ ಇಳಿಯುತ್ತದೆ, ಕಡಿಮೆ ಇರುವ ಕಡೆ ಏರುತ್ತದೆ. ಲೈಟಿನವರು ಸ್ಟೇಜಿನ ದೊಡ್ಡ ಪಾರ್ ಲೈಟುಗಳನ್ನೆಲ್ಲ ಒಂದೇ ಫೇಸ್‌ಗೆ ಹಾಕಿದ್ದರು. ನಮ್ಮ ಫೇಸ್‌ನಲ್ಲಿ ಇದ್ದದ್ದು ಮಿಕ್ಸರ್, ಫ್ಯಾನು, ಒಂದು ಬಲ್ಬು. ಏರಿದ್ದು ನಮ್ಮ ಕಡೆಯೇ. ಎಂಥ ಗಟ್ಟಿ ಮಿಕ್ಸರ್ ಇದ್ದಿದ್ದರೂ ಅವತ್ತು ಉಳಿಯುತ್ತಿರಲಿಲ್ಲ ಅನ್ನಿ.

ಎರಡನೆಯದು ಸತ್ತ ರೀತಿಯೇ ಬೇರೆ. ಅದು ಒಂದೇ ಸಲ ಹೋಗಲಿಲ್ಲ. ಮೊದಲು ಆರನೇ ಚಾನೆಲ್‌ನಲ್ಲಿ ಕರಕರ (ಒಂದೊಂದು ಮೈಕಿಗೆ ಒಂದೊಂದು ಚಾನೆಲ್). ನಾಬನ್ನು ಸ್ವಲ್ಪ ಅದುಮಿದರೆ ಸರಿಹೋಗುತ್ತಿತ್ತು. ಆಮೇಲೆ ಏಳನೆಯದು. ಒಂದು ಪೌರಾಣಿಕ ನಾಟಕದ ರಾತ್ರಿ ಹಾರ್ಮೋನಿಯಂ ಮೈಕೇ ಬರುವುದು ಹೋಗುವುದು ಮಾಡತೊಡಗಿತು. ನಾಟಕ ಅಂದರೆ ಗೊತ್ತಲ್ವಾ, ರಾತ್ರಿ ಶುರುವಾದರೆ ಬೆಳಗಿನವರೆಗೆ. ಹಾರ್ಮೋನಿಯಂ ಮೇಷ್ಟ್ರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಹಾಸನದ ರಿಪೇರಿ ಅಣ್ಣನ ಹತ್ತಿರ ಹೊತ್ತುಕೊಂಡು ಹೋದೆ. ಅವರು ಬಿಚ್ಚಿ ತೋರಿಸಿದರು. ಒಳಗೆ ಇಡೀ ಮಿಕ್ಸರ್‌ಗೆ ಒಂದೇ ದೊಡ್ಡ ಬೋರ್ಡ್. ಎಲ್ಲ ನಾಬ್‌ಗಳೂ ಆ ಬೋರ್ಡಿಗೆ ಬರೀ ಬೆಸುಗೆಯಲ್ಲಿ ನಿಂತಿವೆ. ಮೇಲಿನ ತಗಡಿಗೂ ನಾಬಿಗೂ ಸಂಬಂಧವೇ ಇಲ್ಲ. ಯಾರಾದರೂ ಮೇಲೆ ಕೈ ಊರಿದರೆ, ಕೇಬಲ್ ಬಾಕ್ಸ್ ಇಟ್ಟರೆ, ಏಟು ಸೀದಾ ಬೆಸುಗೆಗೆ. "ಇದು ಮನೇಲಿ ಟೇಬಲ್ ಮೇಲೆ ಇಟ್ಕೊಳ್ಳೋ ಸಾಮಾನು ಕಣಪ್ಪಾ, ಗೂಡ್ಸ್ ಆಟೋದಲ್ಲಿ ಕುಣಿಸೋದಲ್ಲ" ಅಂದರು.

"ಹಂಗಾದ್ರೆ ಯಾವುದು ತಗೊಳ್ಲಿ ಅಣ್ಣ?"

"ನಾಬಿನ ಟೋಪಿ ಕಿತ್ತು ನೋಡು. ಕೆಳಗೆ ನಟ್ ಇದ್ರೆ ತಗೋ."

ನನ್ನ ಪಾಲಿಗೆ ಇಡೀ ಪಾಠ ಅದೇ. ನಾಬಿನ ಬುಡ ಮೇಲಿನ ಪ್ಯಾನೆಲ್‌ಗೆ ಲೋಹದ ನಟ್‌ನಿಂದ ಬಿಗಿದಿದ್ದರೆ ಏಟನ್ನು ತಗಡು ತಡೆಯುತ್ತದೆ, ಬೆಸುಗೆ ಉಳಿಯುತ್ತದೆ. ಚಾನೆಲ್‌ಗೊಂದು ಬೋರ್ಡ್ ಇದ್ದರೆ ಇನ್ನೂ ಒಳ್ಳೆಯದು. ಒಂದು ಕೆಟ್ಟರೆ ಅದನ್ನಷ್ಟೇ ಬಿಚ್ಚಬಹುದು.

ಮೂರನೇ ಮಿಕ್ಸರ್‌ಗಾಗಿ ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡು, ಜೆ.ಸಿ. ರೋಡು ಎರಡೂ ಸುತ್ತಿದೆ. ಅಂಗಡಿಯವರು ಎಫೆಕ್ಟ್ ಎಷ್ಟಿದೆ, ಬ್ಲೂಟೂತ್ ಇದೆಯಾ ಅಂತ ಹೇಳುತ್ತಾ ಹೋದರು. ನಾನು ಒಂದೊಂದು ನಾಬನ್ನೂ ಅಡ್ಡಡ್ಡ ಅಲ್ಲಾಡಿಸುತ್ತಾ ನಿಂತೆ. ಒಬ್ಬರಿಗೆ ಸಿಟ್ಟೇ ಬಂತು. ಬರಲಿ ಬಿಡಿ, ದುಡ್ಡು ನನ್ನದು. ಮೈಕ್ ಕೇಬಲ್ ಚುಚ್ಚುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಸಾಕೆಟ್‌ಗೆ ಸ್ಕ್ರೂ ಇದೆಯಾ ನೋಡಿದೆ. ಕೇಬಲ್ ಹಾಕಿ ಅಲ್ಲಾಡಿಸಿ ಹೆಡ್‌ಫೋನಿನಲ್ಲಿ ಕೇಳಿದೆ. ಮೈಕ್ ಇಲ್ಲದೆ ಗೇನ್ (ಮೈಕಿನ ಸದ್ದು ಹಿಗ್ಗಿಸುವ ನಾಬು) ಪೂರ್ತಿ ಏರಿಸಿ ಮಿಕ್ಸರಿನದೇ ಸುಯ್ ಸದ್ದು ಎಷ್ಟಿದೆ ನೋಡಿದೆ. ಮಲ್ಟಿಮೀಟರ್ ಜೇಬಲ್ಲೇ ಇತ್ತು. ಫ್ಯಾಂಟಮ್, ಅಂದರೆ ಕಂಡೆನ್ಸರ್ ಮೈಕಿಗೆ ಮಿಕ್ಸರ್ ಕೇಬಲ್ಲಿನಲ್ಲೇ ಕಳಿಸುವ ಕರೆಂಟು, ಆನ್ ಮಾಡಿ ಒಂದನೇ ಪಿನ್ನಿಗೂ ಎರಡನೇ ಪಿನ್ನಿಗೂ ನಡುವೆ ಅಳೆದರೆ 48 ವೋಲ್ಟ್ ಬರಬೇಕು. 44ರಿಂದ 52ರವರೆಗೆ ಇದ್ದರೂ ಪರವಾಗಿಲ್ಲ. ನಾಟಕಕ್ಕೆ ನೇತುಹಾಕುವ ಕಂಡೆನ್ಸರ್ ಮೈಕುಗಳು ನಾಲ್ಕೈದು ಒಟ್ಟಿಗೆ ಕೂತಾಗ ಬಡಪಾಯಿ ಮಿಕ್ಸರ್‌ಗಳಲ್ಲಿ ಇದು ಕುಸಿಯುತ್ತದೆ.

ಡಿಜಿಟಲ್ ತಗೊಳ್ಳೋದೋ ಬೇಡವೋ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಬೆರಿಂಜರ್ ಎಕ್ಸ್32 ಅನ್ನುವ ಡಿಜಿಟಲ್ ಮಿಕ್ಸರ್ ಬಂದು ವರ್ಷಗಳಾದವು. ನನ್ನ ಗೆಳೆಯರು ಅದರಲ್ಲೇ ಜೀವನ ಮಾಡುತ್ತಿದ್ದಾರೆ. ಸೀನ್, ಅಂದರೆ ಇಡೀ ಮಿಕ್ಸರ್‌ನ ಸೆಟ್ಟಿಂಗ್, ಸೇವ್ ಮಾಡಿಟ್ಟುಕೊಂಡು ಮಾರನೇ ದಿನ ಒಂದು ಬಟನ್ ಒತ್ತಿದರೆ ಎಲ್ಲ ಹಾಗೇ ಬರುತ್ತದೆ. ಹೊರಗಿನ ಈಕ್ವಲೈಸರ್, ಕಂಪ್ರೆಸರ್ ಹೊರುವ ಕಷ್ಟವಿಲ್ಲ. ಆಸೆ ಆಗದೆ ಇರುತ್ತಾ? ಆದರೆ ನಾನು ಬಳಸುವ ಹಳೇ ಥರದ ಅನಲಾಗ್‌ನಲ್ಲಿ ಒಂದು ಚಾನೆಲ್ ಹೋದರೆ ಪಕ್ಕದ ಚಾನೆಲ್‌ಗೆ ಚುಚ್ಚಿ ಮುಂದುವರಿಯಬಹುದು. ಡಿಜಿಟಲ್ ಸ್ಕ್ರೀನ್ ಕಪ್ಪಾದರೆ ಕೈ ಕಟ್ಟಿ ಕೂರಬೇಕು. ನನ್ನ ಹತ್ತಿರ ಎರಡನೇ ಮಿಕ್ಸರ್ ಇಲ್ಲ, ಹಾಸನದ ಅಣ್ಣ ಡಿಜಿಟಲ್ ಮುಟ್ಟುವುದಿಲ್ಲ. ಅಲ್ಲಿಗೆ ತೀರ್ಮಾನವಾಯಿತು. ಬ್ಯಾಕಪ್ ಇಟ್ಟುಕೊಳ್ಳುವ ಶಕ್ತಿ ಇರುವವರು ಧಾರಾಳವಾಗಿ ಡಿಜಿಟಲ್‌ಗೆ ಹೋಗಿ.

ಕೊನೆಗೆ ಸೆಕೆಂಡ್‌ಹ್ಯಾಂಡ್ ಅಲೆನ್ ಅಂಡ್ ಹೀತ್ ಜೆಡ್-22ಎಫ್‌ಎಕ್ಸ್ ಅನ್ನುವ ಅನಲಾಗ್ ಮಿಕ್ಸರ್ ತಂದೆ. 16 ಮೈಕ್ ಚಾನೆಲ್, ಮೂರು ಸ್ಟೀರಿಯೋ, ಆರು ಆಕ್ಸ್ (ಬೇರೆ ಬೇರೆ ಕಡೆಗೆ ಸದ್ದು ಕಳಿಸುವ ದಾರಿ), ಉದ್ದನೆಯ 100 ಮಿಲಿಮೀಟರ್ ಫೇಡರ್ (ಸದ್ದು ಏರಿಳಿಸಲು ಜಾರಿಸುವ ಹಿಡಿ). ನಾಬಿನ ಟೋಪಿ ಕಿತ್ತೆ. ಕೆಳಗೆ ನಟ್ ಇತ್ತು! ಹೊಸ ಸಣ್ಣ ಮಿಕ್ಸರ್‌ಗೆ ಆಗುವಷ್ಟೇ ದುಡ್ಡಾಯಿತು. ಆರು ಆಕ್ಸ್ ಇರುವುದರಿಂದ ಕೀಬೋರ್ಡ್‌ನವರಿಗೊಂದು, ಡ್ರಮ್ಸ್‌ನವರಿಗೊಂದು ಮಾನಿಟರ್ (ತಮ್ಮದು ತಾವು ಕೇಳಿಸಿಕೊಳ್ಳುವ ಸ್ಪೀಕರ್) ಬೇರೆ ಬೇರೆ ಕೊಡಬಹುದು. ಸ್ಟೇಜ್ ಮೇಲಿನ ಅರ್ಧ ಜಗಳ ಅದರಲ್ಲೇ ಮುಗಿಯುತ್ತದೆ.

ತಂದ ಮೇಲೆ ಮೊದಲು ಮಾಡಿಸಿದ್ದು ಪ್ಲೈವುಡ್ ಕೇಸ್, ಒಳಗೆ ದಪ್ಪ ಫೋಮ್. ನಮ್ಮ ಕೆಲಸ ಒಂದು ವಾರ ಸಕಲೇಶಪುರದ ಮಳೆಯಲ್ಲಿ, ಇನ್ನೊಂದು ವಾರ ಚಿತ್ರದುರ್ಗದ ಕಡೆ ಜಾತ್ರೆ ಧೂಳಿನಲ್ಲಿ. ಫೇಡರ್‌ನ ದೊಡ್ಡ ಶತ್ರು ಧೂಳೇ. ಸೀಳಿನಿಂದ ಒಳಗೆ ಇಳಿದು ಕೂರುತ್ತದೆ. ಕಾರ್ಯಕ್ರಮ ಶುರುವಾಗುವವರೆಗೂ ಮೇಲೆ ಒಂದು ಹತ್ತಿ ಬಟ್ಟೆ ಹೊದಿಸಿರುತ್ತೇನೆ. ಪ್ಲಾಸ್ಟಿಕ್ ಹಾಳೆ ಮಳೆಗೆ ಮಾತ್ರ. ನಾಟಕದ ರಾತ್ರಿ ಅದನ್ನೇ ಸುತ್ತಿಟ್ಟರೆ ಬಿಸಿ ಹೊರಗೆ ಹೋಗುವುದಿಲ್ಲ.

ಕರೆಂಟಿನ ವಿಷಯದಲ್ಲಿ ಈಗ ಯಾರನ್ನೂ ನಂಬುವುದಿಲ್ಲ. ಮೊದಲು ಮೀಟರ್, ಆಮೇಲೆ ಪ್ಲಗ್. ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಷ್ಟು, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎಷ್ಟು, ಎರಡೂ ನೋಡುತ್ತೇನೆ. ಲೈಟೆಲ್ಲ ಹಾಕಿಸಿ ಇನ್ನೊಂದು ಸಲ ನೋಡುತ್ತೇನೆ. ಮಿಕ್ಸರ್‌ಗೆ ಸಣ್ಣ ಆನ್‌ಲೈನ್ ಯುಪಿಎಸ್ ಇದೆ, ಅಂದರೆ ಕರೆಂಟನ್ನು ಸದಾ ಹದ ಮಾಡಿಯೇ ಕೊಡುವಂಥದ್ದು. ಸ್ಪೀಕರ್‌ನಲ್ಲಿ ಹಮ್ (ಗುಂಯ್ ಅನ್ನುವ ಸದ್ದು) ಬಂದರೆ ಅರ್ತ್ ಪಿನ್ ಕಿತ್ತುಹಾಕಿ ಅನ್ನುವ ಸಲಹೆ ಸ್ಟೇಜ್ ಮೇಲೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಕೀಳಬೇಡಿ. ಮೈಕ್ ಹಿಡಿದವನಿಗೆ ಶಾಕ್ ಹೊಡೆಯುವುದು ಹಾಗೇ. ಕೀಬೋರ್ಡಿನಂಥ ವಾದ್ಯಕ್ಕೂ ಮಿಕ್ಸರ್‌ಗೂ ನಡುವೆ ಗ್ರೌಂಡ್ ಲಿಫ್ಟ್ (ಸಿಗ್ನಲ್ ಕೇಬಲ್ಲಿನ ಗ್ರೌಂಡ್ ಮಾತ್ರ ಬಿಡಿಸುವ ಸ್ವಿಚ್) ಇರುವ ಡಿಐ ಬಾಕ್ಸ್ ಹಾಕಿ.

ಇಷ್ಟು ವರ್ಷದಲ್ಲಿ ರಿಪೇರಿ ಆದದ್ದು ಎರಡು ಫೇಡರ್ ಮಾತ್ರ. ಒಂದು ಚಹಾ ಚೆಲ್ಲಿ. ಇನ್ನೊಂದು ಆಯುಧ ಪೂಜೆ ದಿನ, ನಮ್ಮ ಹುಡುಗ ಭಕ್ತಿಯಿಂದ ಫೇಡರ್‌ಗಳ ಮೇಲೇ ಸಾಲಾಗಿ ಕುಂಕುಮ ಇಟ್ಟಿದ್ದ. ಈಗ ಕುಂಕುಮವೆಲ್ಲ ಕೇಸ್‌ನ ಮುಚ್ಚಳಕ್ಕೆ.