ಸಕಲೇಶಪುರದಿಂದ ಚಿಕ್ಕಮಗಳೂರಿಗೆ ತೋಟದೊಳಗಿನ ಓಟ: ದಾರಿ ಕೂಡಿಸಿದ್ದು ಹೀಗೆ

ಸಕಲೇಶಪುರದಿಂದ ಮೂಡಿಗೆರೆ ಮೇಲೆ ಹಾದು ಚಿಕ್ಕಮಗಳೂರಿಗೆ, ಡಾಂಬರು ಆದಷ್ಟು ತುಳಿಯದೆ ಕಾಫಿ ತೋಟಗಳ ಒಳಗೇ ಓಡಿಕೊಂಡು ಹೋಗುವ ದಾರಿಯೊಂದನ್ನು ಕೂಡಿಸಿದ್ದೇವೆ. ಹೋದ ಮಳೆಗಾಲ ಕಳೆದ ಮೇಲೆ ಐದು ಜನ ಓಡಿ ಮುಗಿಸಿದೆವು. ಒಟ್ಟು 70 ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಅದರಲ್ಲಿ ಡಾಂಬರು ಹತ್ತರ ಒಳಗೇ ಇರಬೇಕು. "ಅಷ್ಟೂ ಪ್ಲಾಂಟರ್‌ಗಳ ಹತ್ತಿರ ಗೇಟು ತೆಗೆಸೋದು ಆಗೋ ಮಾತಲ್ಲ ಮಾರಾಯ" ಅಂದವರೇ ಹೆಚ್ಚು. ಗೇಟು ತೆಗೆದವು. ಓಡುವುದು ಹೇಗೆ, ಶೂ ಯಾವುದು, ಇದೆಲ್ಲ ನಿಮಗೆ ಗೊತ್ತಿರುವುದೇ. ದಾರಿಯ ಕಥೆ ಮಾತ್ರ ಹೇಳುತ್ತೇನೆ.

ಮೊದಲು ಎಲ್ಲರ ಹಾಗೆ ಗೂಗಲ್ ಅರ್ಥ್ ಮೇಲೆ ಗೆರೆ ಎಳೆದೆವು. ಕಾಫಿ ತೋಟದಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳಿನಲ್ಲಿ ಕಾಲುದಾರಿ ಕಾಣುವುದೇ ಇಲ್ಲ. ಕಾಣುವುದು ಜೀಪ್ ರಸ್ತೆ. ಅದು ಪಲ್ಪರ್ ಮನೆ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಜಾಗ), ಕಣ, ಬಂಗಲೆ ಎಲ್ಲ ಸುತ್ತಿ ಹೊರಟ ಗೇಟಿಗೇ ವಾಪಸ್ ಬರುತ್ತದೆ. ಪಕ್ಕದ ತೋಟಕ್ಕೆ ಹೋಗಲಿ ಅಂತ ಯಾರೂ ರಸ್ತೆ ಮಾಡಿಸುವುದಿಲ್ಲ ಅಲ್ವಾ? ಮರದ ಕೆಳಗೆ ವಾಚಿನ ಜಿಪಿಎಸ್ ಕೂಡ 20–30 ಮೀಟರ್ ಆಚೀಚೆ ತೋರಿಸುತ್ತದೆ. ಬೇಲಿಯ ಯಾವ ಕಡೆ ಇದ್ದೇವೆ ಅಂತ ಅದನ್ನು ನಂಬಿ ಹೇಳಲು ಆಗುವುದಿಲ್ಲ.

ಆಮೇಲೆ ಸರ್ವೆ ಇಲಾಖೆಯ ಗ್ರಾಮ ನಕ್ಷೆ ಹಿಡಿದೆವು. ಹಳೆಯ ಕಾಲುದಾರಿ, ಬಂಡಿದಾರಿ ಎಲ್ಲ ಅದರಲ್ಲಿ ಇವೆ. ಫೋನಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ತೆಗೆದರೆ ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ, ಪಹಣಿ ನೋಡಿದರೆ ಯಾರ ಜಮೀನು ಅಂತ ಗೊತ್ತಾಗುತ್ತದೆ. ಬಿ ಖರಾಬ್ ಅಂತ ಇದ್ದರೆ ಅದು ಸಾರ್ವಜನಿಕರ ಜಾಗ. ಕಾಗದದ ಮೇಲೆ ಚೆನ್ನಾದ ದಾರಿ ಸಿಕ್ಕಿತು. ನೆಲದ ಮೇಲೆ ಹೋಗಿ ನೋಡಿದರೆ ಅರ್ಧಕ್ಕರ್ಧ ದಾರಿಯಲ್ಲಿ ಕಾಫಿ ಗಿಡ ಬಂದಿದೆ, ಮೇಲೆ ತಂತಿ ಬೇಲಿ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ನಮ್ಮ ಕಡೆ ಕಂದಾಯ ಭೂಮಿ ಒತ್ತುವರಿಯ ಗಲಾಟೆ ಎಷ್ಟಿದೆ ಅಂತ ನಿಮಗೆ ಗೊತ್ತು. ಒಬ್ಬ ಕೈಯಲ್ಲಿ ನಕ್ಷೆ, ಇನ್ನೊಬ್ಬ ಫೋನಿನಲ್ಲಿ ಸರ್ವೆ ನಂಬರ್ ಹಿಡಿದು ತೋಟದ ಅಂಚಿನಲ್ಲಿ ನಿಂತರೆ ಸಾಹುಕಾರರಿಗೆ ಏನನ್ನಿಸಬೇಡ? ಒಂದು ಕಡೆ ನಾಯಿ ಬಿಟ್ಟರು. ಇನ್ನೊಂದು ಕಡೆ ಜೀಪು ಅಡ್ಡ ನಿಲ್ಲಿಸಿ, ಯಾವ ಆಫೀಸಿನಿಂದ ಬಂದಿದ್ದೀರಿ ಅಂತ ಒಂದು ಗಂಟೆ ಕೂರಿಸಿದರು. ಬಿ ಖರಾಬ್ ಇದೆ, ಹಕ್ಕು ಇದೆ, ಕೇಳೋಣ ಅಂತ ನಮ್ಮಲ್ಲೇ ಒಬ್ಬ ಹಟ ಹಿಡಿದ. ನಾನು ಒಪ್ಪಲಿಲ್ಲ. ಹಕ್ಕಿನ ಮಾತು ತೆಗೆದ ಕ್ಷಣ ಆ ತೋಟ ಮಾತ್ರ ಅಲ್ಲ, ಅವರ ನೆಂಟರಿಷ್ಟರ ತೋಟಗಳೂ ಮುಚ್ಚುತ್ತವೆ. ಅವತ್ತಿನಿಂದ ನಕ್ಷೆ ಮನೆಯಲ್ಲೇ ಉಳಿಯಿತು. ಮನೆಯಲ್ಲಿ ನೋಡಿಕೊಂಡು ಹೋಗುವುದು, ತೋಟದಲ್ಲಿ ಬರೀ ಬಾಯಿಮಾತು.

ಪತ್ರ ಬರೆಯುವುದನ್ನೂ ಮಾಡಿ ಆಯಿತು. ಒಳ್ಳೆಯ ಕಾಗದದಲ್ಲಿ ಪ್ರಿಂಟ್ ಹಾಕಿಸಿ, ಏನಾದರೂ ಆದರೆ ನಮ್ಮದೇ ಹೊಣೆ ಅಂತ ಸಹಿ ಮಾಡಿ ಸುಮಾರು 30 ತೋಟಗಳಿಗೆ ಕಳಿಸಿದೆವು. ಬಹಳಷ್ಟು ಮಾಲೀಕರು ಬೆಂಗಳೂರಿನಲ್ಲಿ ಇರುತ್ತಾರೆ. ಮೂರೋ ನಾಲ್ಕೋ ಉತ್ತರ ಬಂತು. ಒಂದು ದೊಡ್ಡ ತೋಟದವರು ವಿಮೆ ಮಾಡಿಸಿ, ಜೊತೆಗೆ 25,000 ಕಟ್ಟಿ ಅಂದರು. ದಾರಿಗೆ ದುಡ್ಡು ಕೊಡಬಾರದು ಅಂತ ನಾನು ಆಗಲೇ ತೀರ್ಮಾನ ಮಾಡಿದ್ದೆ. ಒಬ್ಬರಿಗೆ ಕೊಟ್ಟ ಸುದ್ದಿ ಸಂಜೆಯೊಳಗೆ ಹತ್ತು ತೋಟಕ್ಕೆ ಮುಟ್ಟುತ್ತದೆ. ಆ ತೋಟವನ್ನು ಬಿಟ್ಟು ಸುತ್ತಿ ಹೋದೆವು, 4 ಕಿಲೋಮೀಟರ್ ಜಾಸ್ತಿ ಆಯಿತು.

ಕೊನೆಗೆ ಕೆಲಸ ಮಾಡಿದ್ದು ಲೈನ್ ಮನೆ, ಅಂದರೆ ತೋಟದ ಕೆಲಸದವರ ಸಾಲುಮನೆಗಳ ದಾರಿ. ಕೆಲಸದವರು ಲೈನ್ ಮನೆಯಿಂದ ಬಸ್ಸಿಗೆ, ಅಂಗಡಿಗೆ, ಮಕ್ಕಳು ಶಾಲೆಗೆ ಹೋಗುವ ದಾರಿ ಇರುತ್ತದಲ್ಲ, ಅದು. ಯಾವ ನಕ್ಷೆಯಲ್ಲೂ ಇಲ್ಲ. ಆದರೆ ಎಲ್ಲ ತೋಟದಲ್ಲೂ ಇದೆ, ಮತ್ತು ಅದು ಪಕ್ಕದ ತೋಟಕ್ಕೆ ದಾಟಿಯೇ ದಾಟುತ್ತದೆ. ದಾಟುವಲ್ಲಿ ಒಂದು ತಡಬೆಯೋ (ಬೇಲಿ ಹತ್ತಿ ಇಳಿಯುವ ಮರದ ಮೆಟ್ಟಿಲು) ಉಣಗೋಲೋ (ಸರಿಸಿ ದಾಟುವ ಅಡ್ಡಗಳು) ಇರುತ್ತದೆ. ಅದನ್ನು ಸಾಹುಕಾರರನ್ನು ಕೇಳಿದರೆ ಸಿಗುವುದಿಲ್ಲ. ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರನ್ನು ಕೇಳಬೇಕು, ಮೇಸ್ತ್ರಿಯನ್ನು ಕೇಳಬೇಕು. ರೈಟರ್ ಒಪ್ಪಿದ ಮೇಲೆ ಅವರ ಬಾಯಲ್ಲೇ ಸಾಹುಕಾರರಿಗೆ ಫೋನ್ ಮಾಡಿಸಬೇಕು. "ಐದು ಜನ ಹುಡುಗರು, ಅರ್ಧ ಗಂಟೆಯಲ್ಲಿ ದಾಟಿ ಹೋಗ್ತಾರೆ, ಕೈಯಲ್ಲಿ ಚೀಲ ಇಲ್ಲ" ಎಂಬ ಮಾತು ಅವರಿಂದ ಬಂದರೆ ಅದರ ತೂಕವೇ ಬೇರೆ. ಚೀಲದ ಮಾತು ಸುಮ್ನೆ ಅಲ್ಲ. ಕಾಫಿ ರೇಟು ಏರಿದ ಮೇಲೆ ಕಳ್ಳತನದ ಭಯ ಎಲ್ಲ ತೋಟದಲ್ಲೂ ಇದೆ. ಓಟದ ವೆಸ್ಟ್ ಬಿಟ್ಟು ಬೇರೆ ಬ್ಯಾಗು ಬೇಡ, ಕಣದ ಹತ್ತಿರ ಫೋಟೋ ಬೇಡ, ಮೆಣಸಿನ ಬಳ್ಳಿ ಮುಟ್ಟುವುದು ಬೇಡ ಅಂತ ನಾವೇ ಮೊದಲು ಹೇಳುತ್ತಿದ್ದೆವು.

ಇನ್ನೊಂದು ವಿಷಯ. ಈ ತುದಿಯಿಂದ ಆ ತುದಿಗೆ ಸಾಲಾಗಿ ಕೇಳುತ್ತಾ ಹೋಗಬೇಡಿ. ಸುಲಭದ ತೋಟಗಳನ್ನು ಎರಡೂ ಕಡೆಯಿಂದ ಮುಗಿಸಿಕೊಂಡು ಕಷ್ಟದ್ದನ್ನು ನಡುವೆ ಉಳಿಸಿ. ಅಕ್ಕಪಕ್ಕದವರು ಬಿಟ್ಟಿದ್ದಾರೆ ಅಂದಾಗ ನಡುವಿನವರು ಬೇಡ ಅನ್ನಲು ಸಂಕೋಚ ಪಡುತ್ತಾರೆ. ಗೋಣಿಬೀಡಿನ ಆಚೆ ಒಂದು ತೋಟ ಇದಕ್ಕೂ ಬಗ್ಗಲಿಲ್ಲ. ಅದನ್ನು ಹೇಗೆ ತೆಗೆಸಿದೆ ಅಂತ ಇಲ್ಲಿ ಬರೆಯುವುದಿಲ್ಲ. ಮುಂದಿನ ವರ್ಷವೂ ಅದೇ ದಾರಿ ಬೇಕು.

ಕಾಡಿನ ಜಾಗದಲ್ಲಿ ಈ ಆಟ ನಡೆಯುವುದಿಲ್ಲ. ರಿಸರ್ವ್ ಫಾರೆಸ್ಟ್ ಒಳಗೆ ಅನುಮತಿ ಇಲ್ಲದೆ ಕಾಲಿಟ್ಟರೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಕೇಸು. ಹಾಗಾಗಿ ದಾರಿಯನ್ನು ಪೂರ್ತಿ ಹೊರಗೇ ಇಟ್ಟೆವು. ಊರವರು ದಿನಾ ಓಡಾಡುವ ಸೆಕ್ಷನ್ 4 ಜಾಗ (ರಿಸರ್ವ್ ಫಾರೆಸ್ಟ್ ಮಾಡುತ್ತೇವೆ ಅಂತ ಸರ್ಕಾರ ಅಧಿಸೂಚನೆ ಹೊರಡಿಸಿದ್ದು) ಎರಡು ಕಡೆ ಸಿಕ್ಕಿತು. ಅಲ್ಲಿಗೂ ರೇಂಜ್ ಆಫೀಸಿಗೆ ಹೋಗಿ ಬರೆದುಕೊಟ್ಟೇ ಓಡಿದ್ದು.

ಆನೆಯ ಲೆಕ್ಕವೇ ನಮ್ಮ ಸಮಯವನ್ನು ನಿರ್ಧಾರ ಮಾಡಿದ್ದು. ಡಿಸೆಂಬರಿನಲ್ಲಿ ಎಲ್ಲ ಕಡೆ ಅರೇಬಿಕಾ ಕಾಫಿ ಕುಯ್ಲು, ಜೊತೆಗೆ ಭತ್ತ ಬಲಿತು ಆನೆ ಗದ್ದೆಗೆ ಇಳಿದಿರುತ್ತವೆ. ಫೆಬ್ರವರಿ, ಮಾರ್ಚಿನಲ್ಲಿ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ನೀರು, ಮೇಲೆ ಬಿಸಿಲು. ಮಳೆಗಾಲದಲ್ಲಿ ಇಂಬಳ (ಜಿಗಣೆ), ತುಂಬಿದ ಹಳ್ಳ. ಉಳಿದದ್ದು ಅಕ್ಟೋಬರ್ ಕೊನೆ, ನವೆಂಬರ್ ಶುರು, ಅದೂ ಭಾನುವಾರ ಸೇರಿದ ಹಾಗೆ. ಬೆಳಿಗ್ಗೆ ಏಳರ ಮೊದಲು ತೋಟಕ್ಕೆ ಇಳಿಯುವುದಿಲ್ಲ, ಸಂಜೆ ನಾಲ್ಕೂವರೆ ಮೇಲೆ ತೋಟದಲ್ಲಿ ಇರುವುದಿಲ್ಲ. ಆಗ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಮೂಡಿಗೆರೆಯಲ್ಲಿ ರಾತ್ರಿ ಉಳಿದು ಎರಡು ದಿನಕ್ಕೆ ಹಂಚಿದೆವು. "ಹೆಡ್‌ಲ್ಯಾಂಪ್ ಹಾಕಿ ಒಂದೇ ಏಟಿಗೆ ಓಡದಿದ್ದರೆ ಅದೆಂಥ ಅಲ್ಟ್ರಾ ಓಟ" ಅಂದರು ಬೆಂಗಳೂರಿನ ಗೆಳೆಯರು. ಮೊದಲ ದಿನ ನಾವು ಓಡಿದ ಜಾಗದಲ್ಲೇ ಹಿಂದಿನ ರಾತ್ರಿ ಆನೆ ಗುಂಪು ದಾಟಿತ್ತು, ಹಸಿ ಲದ್ದಿ ಬಿದ್ದಿತ್ತು. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಸಂದೇಶ ವಾಟ್ಸಾಪಿನಲ್ಲಿ ಬರುತ್ತದೆ, ಅದನ್ನು ತಪ್ಪದೆ ನೋಡಿ. ಅದಕ್ಕಿಂತ ಬೇಗ ನನಗೆ ಸುದ್ದಿ ಕೊಡುವವರು ಬೇರೆ ಇದ್ದಾರೆ, ಅವರ ವಿಷಯ ಅವರಿಗೇ ಬಿಡುತ್ತೇನೆ.

ನಡುವೆ ಬೇರೆ ಪ್ರಯೋಗಗಳೂ ಆದವು. ದಾರಿ ಗುರುತಿಗೆ ರಿಬ್ಬನ್ ಕಟ್ಟಿದೆವು, ದನ ತಿಂದವು. ಸುಣ್ಣದಲ್ಲಿ ಬಾಣ ಹಾಕಿದೆವು, ಒಂದೇ ಮಳೆಗೆ ಹೋಯಿತು. ಈಗ ಗುರುತೇ ಹಾಕುವುದಿಲ್ಲ, ಪ್ರತಿ ತೋಟದ ತಿರುವನ್ನು ಅಂಗೈಯಗಲದ ಚೀಟಿಯಲ್ಲಿ ಬರೆದುಕೊಳ್ಳುತ್ತೇವೆ: ಪಲ್ಪರ್ ಮನೆ ಎಡಕ್ಕೆ, ದೊಡ್ಡ ಅತ್ತಿ ಮರ, ತಡಬೆ. ಓಟಗಾರರು ಶಕ್ತಿಗೆ ತಿನ್ನುವ ಪ್ಯಾಕೆಟ್ ಜೆಲ್ ಬದಲು ಹುರಿಹಿಟ್ಟು ಹಿಡಿದಿದ್ದು ಮಾತ್ರ ಭರ್ಜರಿಯಾಗಿ ಕೈಹಿಡಿಯಿತು. ಹುರಿಹಿಟ್ಟಿಗೆ ಬೆಲ್ಲ, ಚಿಟಿಕೆ ಉಪ್ಪು, ನೀರು ಮಜ್ಜಿಗೆ. ಒಂದು ಬಾಟಲಿಗೆ ಒಂದೂವರೆ ಗಂಟೆ ಹಸಿವಿಲ್ಲ, ಹೊಟ್ಟೆಯೂ ಕೆಡಲಿಲ್ಲ. ಒಂದು ಜೆಲ್ಲಿನ ದುಡ್ಡಿನಲ್ಲಿ ಐದೂ ಜನಕ್ಕೆ ಆಗುತ್ತದೆ.

ಒಟ್ಟು ಖರ್ಚು 22,000 ಆಚೀಚೆ. ಅರ್ಧಕ್ಕಿಂತ ಜಾಸ್ತಿ ದಾರಿ ಹುಡುಕಲು ಹಾಕಿದ ಪೆಟ್ರೋಲು ಮತ್ತು ಬಾಡಿಗೆ ಜೀಪಿಗೆ ಹೋಯಿತು. ಪತ್ರ, ಪ್ರಿಂಟು ಅಂತ 2,000 ನೀರಿಗೆ ಹೋಯಿತು. ಮೂರು ಕಡೆ ಮುರಿದ ತಡಬೆಗಳನ್ನು ನಾವೇ ಮರ ತರಿಸಿ ರಿಪೇರಿ ಮಾಡಿಸಿದೆವು, ಅದಕ್ಕೆ 3,500 ಇರಬಹುದು. ಕೊಟ್ಟ ದುಡ್ಡಿನಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ. ಆ ತಡಬೆ ದಾಟುವ ಅಕ್ಕಂದಿರು ನಮ್ಮ ಪರವಾಗಿ ರೈಟರ್ ಹತ್ತಿರ ಮಾತಾಡಿದರು.

ದಾರಿಯ ಜಿಪಿಎಸ್ ಗುರುತು ಇರುವ ಜಿಪಿಎಕ್ಸ್ ಫೈಲ್ ಕಳಿಸಿ ಅಂತ ತುಂಬಾ ಜನ ಕೇಳುತ್ತಿದ್ದಾರೆ. ಕೊಡುವುದಿಲ್ಲ. ಆ ತೋಟಗಳವರು ದಾರಿ ಬಿಟ್ಟಿದ್ದು ನಮ್ಮ ಐದು ಜನಕ್ಕೆ, ಆ ಎರಡು ದಿನಕ್ಕೆ. ಓಡಬೇಕು ಅಂತ ಇರುವವರು ಸೆಪ್ಟೆಂಬರಿನಲ್ಲಿ ಬನ್ನಿ, ಒಂದೊಂದೇ ರೈಟರ ಹತ್ತಿರ ಕರೆದುಕೊಂಡು ಹೋಗಿ ಪರಿಚಯ ಮಾಡಿಸುತ್ತೇನೆ. ಮೂಡಿಗೆರೆ ದಾಟಿದ ಮೇಲೆ ಒಂದು ತೋಟ ಈ ವರ್ಷ ಕೈ ಬದಲಾಗಿದೆ, ಹೊಸಬರು ಗೇಟಿಗೆ ಬೀಗ ಹಾಕಿದ್ದಾರೆ. ಅಲ್ಲಿಂದಲೇ ಶುರು ಮಾಡಬೇಕು.