ಒಂದೇ ಕಾಳನ್ನು ಎರಡು ಸಲ ನೋಡಿದ್ದು

ಭತ್ತ ಒಣಗಿದೆಯೇ ಎಂದು ಅವ್ವ ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಟಕ್ಕನೆ ಕಡಿದು ಹೇಳುತ್ತಾಳೆ. ಅವಳ ಅಂದಾಜು ತಪ್ಪುವುದು ಕಡಿಮೆ. ಆದರೆ ಕಡಿದ ಕಾಳು ಮರುದಿನ ಏನಾಗುತ್ತಿತ್ತು ಎಂದು ತಿಳಿಯುವ ದಾರಿಯಿಲ್ಲ. ನನಗೆ ಬೇಕಾಗಿದ್ದದ್ದು ಅದೇ.

ನಮ್ಮದು ಗಂಗಾವತಿ ಸೀಮೆ, ಬೆಳೆ ಸೋನಾ ಮಸೂರಿ. ಒಂದು ಬೇಸಿಗೆ ಬೆಳೆಯಲ್ಲಿ ತೇವ ಮಾಪಕ ಶೇ. 13 ತೋರಿಸಿತು, ಒಣಗಿದೆ ಎಂದು ನಂಬಿ ಗಿರಣಿಗೆ ಒಯ್ದೆ. ಬಂದದ್ದರಲ್ಲಿ ನುಚ್ಚೇ ಹೆಚ್ಚು.

ಕಾಳನ್ನು ಕಡಿಯದೆ ಒಳಗೆ ನೋಡಲು ಕಪ್ಪು ರಟ್ಟಿನಲ್ಲಿ ಬ್ಲೇಡಿನಿಂದ 50 ಸೀಳು ಮಾಡಿ, ಒಂದೊಂದರ ಮೇಲೆ ಒಂದು ಕಾಳು ಇಟ್ಟೆ. ಸೀಳು ಒಂದೊಂದೂ ಕಾಳಿಗಿಂತ ಕಿರಿದು. ಗುಟ್ಟು ಇರುವುದೇ ಅಲ್ಲಿ: ಅಂಚಿನಿಂದ ಬೆಳಕು ಸೋರಿದರೆ ಕಣ್ಣು ಕುಕ್ಕುತ್ತದೆ, ಒಳಗಿನದು ಕಾಣುವುದಿಲ್ಲ. ಕೆಳಗೆ ಪ್ರಖರವಾದ ಎಲ್‌ಇಡಿ ಟಾರ್ಚು, ಮೇಲೆ ಭೂತಗನ್ನಡಿ, ಕತ್ತಲ ಕೋಣೆ. ಸಿಪ್ಪೆ ಸಮೇತ ಇಟ್ಟ ಕಾಳು ಜೇನುಬಣ್ಣಕ್ಕೆ ಹೊಳೆಯಿತು. ಹಾಲುಹೊಟ್ಟೆಯ, ಅಂದರೆ ಹೊಟ್ಟೆಭಾಗ ಸುಣ್ಣದಂತೆ ಬಿಳಿಯಾದ, ಅಕ್ಕಿಯಿದ್ದಲ್ಲಿ ಮಸುಕು. ಅಲ್ಲಿ ಪಿಷ್ಟದ ಕಣಗಳ ನಡುವೆ ಗಾಳಿಯಿದ್ದು ಬೆಳಕು ಚದುರಿಹೋಗುತ್ತದೆ. ಜೊಳ್ಳು ಅಂತೂ ಥಟ್ಟನೆ ಗೊತ್ತಾಗುತ್ತದೆ. ಟಾರ್ಚನ್ನು ತುಸು ಓರೆ ಮಾಡಿದಾಗ ಎರಡು ಕಾಳುಗಳಲ್ಲಿ ಅಡ್ಡಗೆರೆ ಕಂಡಿತು, ಅದೇ ಬಿರುಕು; ಗೆರೆಯ ಒಂದು ಬದಿ ಬೆಳಕು, ಇನ್ನೊಂದು ಬದಿ ನೆರಳು.

ಇಷ್ಟೇ ತಾನೇ ಎಂದುಕೊಂಡು ರಟ್ಟನ್ನು ಹಾಗೆಯೇ ಬಿಟ್ಟು ಮಲಗಿದೆ. ಬೆಳಿಗ್ಗೆ ಅವೇ ಕಾಳುಗಳಲ್ಲಿ ಬಿರುಕು ಬಿಟ್ಟವು 13!

ಸುಡುಬಿಸಿಲಿಗೆ ಹೊರಮೈ ಬೇಗ ಒಣಗುತ್ತದೆ, ಒಳಗೆ ತೇವ ಉಳಿಯುತ್ತದೆ. ರಾತ್ರಿ ಆ ತೇವ ಹೊರಕ್ಕೆ ಸರಿದಾಗ ಹೊರಮೈ ಉಬ್ಬಿ, ತಿರುಳು ಕುಗ್ಗಿ, ಕಾಳು ನಡುವೆ ಸೀಳುತ್ತದೆ. ಬಿಸಿಲಿನ ತಪ್ಪು ಕಾಣುವುದು ಕತ್ತಲಾದ ಮೇಲೆ.

ಆ 13 ಕಾಳುಗಳನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟೆ. ಒಂದನ್ನು ಬಿಟ್ಟು ಎಲ್ಲವೂ ಮೊಳೆತವು. ಭ್ರೂಣ ಇರುವುದು ಬುಡದ ತುದಿಯಲ್ಲಿ, ಬಿರುಕು ಬಿದ್ದದ್ದು ನಡುವೆ. ನುಚ್ಚಾಗುವ ಭತ್ತವೆಲ್ಲ ಕೆಟ್ಟ ಬೀಜವೇನಲ್ಲ.

ಉದ್ದು, ಅಲಸಂದೆಗಳಲ್ಲಿ ಈ ಉಪಾಯ ನಡೆಯಲಿಲ್ಲ. ಒಳಗೆ ಕೂತ ಹುಳುವನ್ನು ಹುಡುಕಲು ಎಕ್ಸ್‌ರೇ ಬೇಕು. ಕಣ್ಣಾಸ್ಪತ್ರೆಯಲ್ಲಿ ಅಕ್ಷಿಪಟಲದ ಪದರ ತೋರಿಸುವ ಓಸಿಟಿ ಯಂತ್ರದಿಂದಲೂ ಬೀಜದ ಹೊರಪದರಗಳನ್ನು ನೋಡುತ್ತಾರೆ, ಆದರೆ ಅದರ ಬೆಳಕು ಒಂದೆರಡು ಮಿಲಿಮೀಟರ್‌ಗಿಂತ ಆಳಕ್ಕೆ ಇಳಿಯುವುದಿಲ್ಲ.

ಈಗ ಹೊತ್ತು ನೆತ್ತಿಗೇರುವ ಮೊದಲೇ ಭತ್ತವನ್ನು ರಾಶಿ ಮಾಡಿ ತಾಡಪಾಲು ಹೊದಿಸುತ್ತೇನೆ, ಬಿಸಿಲು ತಗ್ಗಿದ ಮೇಲೆ ಮತ್ತೆ ಹರವುತ್ತೇನೆ. ಒಣಗಲು ಎರಡು ದಿನ ಹೆಚ್ಚು ಬೇಕು. ಅವ್ವ ಈಗಲೂ ಕಡಿದೇ ನೋಡುತ್ತಾಳೆ.