ಒಂಟಾರಿಯೋಗೆ ಹೊಸದಾಗಿ ಬಂದವರಿಗೆ: ಕೆಲಸ ಮತ್ತು ಲೈಸೆನ್ಸ್

ಅಂಕ ಕೊಟ್ಟು ವಲಸಿಗರನ್ನು ಆರಿಸುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಒಳ್ಳೆ ಸ್ಕೋರ್ ಬಂತು, ಪಿಆರ್ (ಕಾಯಂ ಆಗಿ ನೆಲೆಸುವ ಅನುಮತಿ) ಸಿಕ್ಕಿತು, ಇನ್ನು ಕೆಲಸ ಸಿಗೋದೇನು ಕಷ್ಟ ಅಂತ ತುಂಬಾ ಜನ ಅಂದುಕೊಂಡು ಬರುತ್ತಾರೆ. ಆದರೆ 1,200 ಅಂಕಗಳ ಆ ಲೆಕ್ಕ ನೋಡುವುದು ಫೆಡರಲ್ ಸರ್ಕಾರ. ಲೈಸೆನ್ಸ್ ಕೊಡುವುದು ಪ್ರಾಂತ್ಯದ ಬೇರೆ ಬೇರೆ ಸಂಸ್ಥೆಗಳು. ಪಿಆರ್‌ಗಾಗಿ ಮಾಡಿಸಿದ ಇಸಿಎ ವರದಿಯನ್ನೇ (ನಮ್ಮ ಪದವಿ ಕೆನಡಾದ ಯಾವ ಪದವಿಗೆ ಸಮ ಅಂತ ಹೇಳುವ ವರದಿ) ಲೈಸೆನ್ಸ್ ಅಂದುಕೊಳ್ಳಬೇಡಿ.

ಸಾಫ್ಟ್‌ವೇರ್‌ನವರಿಗೆ ಲೈಸೆನ್ಸ್ ಚಿಂತೆ ಇಲ್ಲ. ನರ್ಸ್, ಟೀಚರ್, ಫಾರ್ಮಸಿಸ್ಟ್ ಆಗಿದ್ದವರಿಗೆ ಅದಿಲ್ಲದೆ ಆ ಕೆಲಸ ಮಾಡುವಂತಿಲ್ಲ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯೋದು ಏನು ಅಂದರೆ, ಗಂಡನಿಗೆ ಐಟಿ ಕೆಲಸ ಸಿಗುತ್ತದೆ, ನರ್ಸ್ ಆಗಿದ್ದ ಹೆಂಡತಿಯ ಫೈಲ್ ಮಾತ್ರ "ಮಕ್ಕಳು ಸ್ಕೂಲಿಗೆ ಹೊಂದಿಕೊಳ್ಳಲಿ, ಆಮೇಲೆ ನೋಡೋಣ" ಅಂತ ಮೂಲೆ ಸೇರುತ್ತದೆ. ದಯವಿಟ್ಟು ಹಾಗಾಗಲು ಬಿಡಬೇಡಿ. ಕೆಲಸ ಬಿಟ್ಟು ವರ್ಷಗಳು ಕಳೆದಷ್ಟೂ ಲೈಸೆನ್ಸ್ ಕಷ್ಟ. ಅವರ ಅರ್ಜಿ ಮೊದಲು ಶುರುವಾಗಲಿ. ಕಾಲೇಜು ಮತ್ತು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಿಂದ ಕಾಗದಗಳು ನೇರವಾಗಿ ಇಲ್ಲಿಗೆ ಬರಬೇಕು, ನಿಮ್ಮ ಕೈಲಿರುವ ಜೆರಾಕ್ಸ್ ನಡೆಯುವುದಿಲ್ಲ. ಇನ್ನೂ ಊರಿನಲ್ಲೇ ಇದ್ದರೆ ಅದನ್ನು ಅಲ್ಲೇ ಓಡಾಡಿ ಮುಗಿಸಿ. ಇಲ್ಲಿಂದ ಫೋನ್ ಮಾಡಿ ಮಾಡಿಸುವುದು ಬಹಳ ಕಷ್ಟ. ಎನ್‌ಸಿಎಲ್‌ಇಎಕ್ಸ್ ಅನ್ನುವ ನರ್ಸಿಂಗ್ ಲೈಸೆನ್ಸ್ ಪರೀಕ್ಷೆಗೆ ಓದಲು ಮನೆಯಲ್ಲಿ ಅವರಿಗೆ ಸಮಯವನ್ನೂ ಕೊಡಿ.

ಇಂಜಿನಿಯರುಗಳಿಗೆ ಒಂದು ಒಳ್ಳೆ ಸುದ್ದಿ. ಪಿ.ಇಂಜ್. (ಪ್ರೊಫೆಷನಲ್ ಇಂಜಿನಿಯರ್) ಲೈಸೆನ್ಸಿಗೆ ಕೆನಡಾ ಅನುಭವ ಬೇಕು ಅನ್ನುವ ಷರತ್ತನ್ನು 2023ರಲ್ಲಿ ಒಂಟಾರಿಯೋ ತೆಗೆದಿದೆ. 2026ರ ಜನವರಿ 1ರಿಂದ, 25 ಅಥವಾ ಜಾಸ್ತಿ ನೌಕರರಿರುವ ಕಂಪನಿಗಳು ಜಾಹೀರಾತಿನಲ್ಲೂ ಆ ಅನುಭವ ಕೇಳುವಂತಿಲ್ಲ. ಆದರೂ ಇಂಟರ್‌ವ್ಯೂನಲ್ಲಿ ಪರಿಚಯದವರ ರೆಫರೆನ್ಸ್‌ಗೆ ಬೆಲೆ ಇದ್ದೇ ಇದೆ. ನಮ್ಮ ಕನ್ನಡ ಸಂಘದಲ್ಲಿ ನಿಮ್ಮ ಕ್ಷೇತ್ರದವರು ಯಾರಿದ್ದಾರೆ ಅಂತ ಸಂಕೋಚ ಬಿಟ್ಟು ಕೇಳಿ.

ಮನೆ ಬಾಡಿಗೆಗಾಗಿ ವೇರ್‌ಹೌಸ್ ಕೆಲಸ ಮಾಡಬೇಕಾಗಬಹುದು, ಅದರಲ್ಲಿ ನಾಚಿಕೆ ಏನೂ ಇಲ್ಲ. ಎಲ್ಲಾ ಶಿಫ್ಟನ್ನೂ ಒಪ್ಪಿಕೊಂಡು ಅರ್ಜಿ ಹಾಕುವುದನ್ನೇ ನಿಲ್ಲಿಸಬೇಡಿ ಅಷ್ಟೇ. ಲೈಸೆನ್ಸ್ ಖರ್ಚಿಗೆ ವಿಂಡ್‌ಮಿಲ್ ಮೈಕ್ರೋಲೆಂಡಿಂಗ್ ಅನ್ನುವ ಚಾರಿಟಿ ಸಾಲ ಕೊಡುತ್ತದೆ. ಹೊಸಬರು ನೆಲೆಸಲು ನೆರವಾಗುವ ಸೆಟಲ್‌ಮೆಂಟ್ ಏಜೆನ್ಸಿಗಳಲ್ಲಿ ರೆಸ್ಯೂಮೆ ತಿದ್ದಿಕೊಡುವುದು, ಇಂಗ್ಲಿಷ್ ತರಗತಿ ಎಲ್ಲ ಉಚಿತ. ಫೆಡರಲ್ ಸರ್ಕಾರದ ಹಣದಲ್ಲಿ ನಡೆಯುವ ಈ ಸೇವೆಗಳು ಸಿಟಿಜನ್ ಆದ ಮೇಲೆ ಸಿಗುವುದಿಲ್ಲ. ಹಾಗಾಗಿ ಬಂದ ಮೊದಲ ವರ್ಷವೇ ಬಳಸಿಕೊಳ್ಳಿ.

ಕೆಲಸ ಕೊಡಿಸುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಕನ್ನಡದವರೇ ಕೇಳಿದರೂ ಅಷ್ಟೇ. ಮೊದಲು ಸಂಘದ ಸಮಿತಿಯವರಿಗೆ ಒಂದು ಫೋನ್ ಮಾಡಿ.